ಮೈಕು ಸುಮ್ಮನಿದ್ದರೆ

ಕೈಗಡಿಯಾರ ನೋಡಿಕೊಳ್ಳುವುದನ್ನು ಆಜ್ಞೆ ಎನ್ನಲು ಬರುವುದಿಲ್ಲ. ಹಾಗೆನ್ನುವುದಾದರೆ ಬಸ್ಸಿಗೆ ಕಾಯುವವನು, ಮೇಷ್ಟರ ಪಾಠ ಮುಗಿಯಲೆಂದು ಕಾಯುವ ಹುಡುಗಿ, ಹೆರಿಗೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತ ಗಂಡ, ಇವರೆಲ್ಲ ಯಾರ್ಯಾರಿಗೋ ಏನೇನೋ ಆಜ್ಞೆ ಕೊಡುತ್ತಲೇ ಇದ್ದಾರೆ ಎನ್ನಬೇಕಾಗುತ್ತದೆ. ಮನುಷ್ಯನಿಗೆ ಮಣಿಕಟ್ಟು ಇದೆ, ಅದರ ಮೇಲೆ ಗಡಿಯಾರ ಇದೆ, ನೋಡಿಕೊಳ್ಳುತ್ತಾನೆ. ಅಷ್ಟೇ. ಆದರೆ ಬಸ್ಸಿಗೆ ಕಾಯುವವನ ಇನ್ನೊಂದು ಕೈಯಲ್ಲಿ ಮೈಕು ಇರುವುದಿಲ್ಲ. ಯೋಚನೆ ಇಲ್ಲಿಗೆ ಬಂದು ನಿಂತಿತು. ದಿನವೂ ಇಲ್ಲಿಗೇ ಬಂದು ನಿಲ್ಲುತ್ತಿತ್ತು, ಗಾಣದ ಎತ್ತು ಒಂದು ಸುತ್ತು ಮುಗಿಸಿದ ಹಾಗೆ. “ಉಸಿರು ಬಿಡು ಅಳಿಯ, ಹೊಟ್ಟೆ ಹಿಡ್ಕೊಂಡ್ರೆ ಅಳತೆ ಸುಳ್ಳಾಗತ್ತೆ,” ಎಂದರು ಮಾವ. ಅವನು ಉಸಿರು ಬಿಟ್ಟ. ತಾನು ಹಿಡಿದುಕೊಂಡಿದ್ದೆ ಎನ್ನುವುದೇ ಅವನಿಗೆ ಗೊತ್ತಿರಲಿಲ್ಲ.

ಮಾವ ಆಯುಷ್ಯವನ್ನೆಲ್ಲ ಹೊಲಿಗೆಯಲ್ಲಿ ಕಳೆದವರು. ಅಂಗಡಿ ಮುಚ್ಚಿ ಮಗಳ ಮನೆಗೆ ಬಂದಮೇಲೂ ಕತ್ತಿನಿಂದ ಟೇಪು ಇಳಿದಿರಲಿಲ್ಲ. ಹಜಾರದ ಕಿಟಕಿಯ ಬೆಳಕಿನಲ್ಲಿ ಅಳಿಯನನ್ನು ಒಳಬನಿಯನ್ನಿನಲ್ಲಿ ನಿಲ್ಲಿಸಿಕೊಂಡು, ಬಾಯಲ್ಲಿ ಎರಡು ಗುಂಡುಪಿನ್ನು ಕಚ್ಚಿ, ಪ್ಯಾಂಟಿನ ಹಿಂಭಾಗವನ್ನು ಮಡಿಸುತ್ತಿದ್ದರು. ಪ್ರಯೋಗಾಲಯದಲ್ಲಿ ಅಪಘಾತ ಆದಾಗಿನಿಂದ ಅಳಿಯನ ಬಟ್ಟೆಗಳೆಲ್ಲ ಬೇರೆ ಯಾರದೋ ಆಗಿಬಿಟ್ಟಿವೆ ಎಂದು ಅವರ ದೂರು. ಇವತ್ತು ಅದರ ವಿಚಾರಣೆಯ ಕೊನೆಯ ದಿನ. ದೊಡ್ಡವರ ಮುಂದೆ ಜಾರುವ ಪ್ಯಾಂಟು ಹಿಡಿದುಕೊಂಡು ಎದ್ದು ನಿಂತರೆ ನಿಜ ಹೇಳಿದರೂ ಸುಳ್ಳಿನ ಹಾಗೆ ಕಾಣುತ್ತದೆ ಎಂದು ಬೆಳಿಗ್ಗೆ ಎದ್ದವರೇ ಹಠ ಹಿಡಿದು ಅವನನ್ನು ನಿಲ್ಲಿಸಿದ್ದರು. ದೇಶದ ಒಂದು ಇಡೀ ಪ್ರಯೋಗಾಲಯದ ನಿರ್ದೇಶಕ ತಾನು, ನೂರಾರು ಎಂಜಿನಿಯರುಗಳು ತನ್ನ ಸಹಿಗೆ ಕಾಯುತ್ತಾರೆ, ಇಲ್ಲಿ ಕೈ ಎರಡೂ ಮೇಲೆತ್ತಿಕೊಂಡು ಶರಣಾದವನ ಹಾಗೆ ನಿಂತಿದ್ದೇನೆ ಎಂದು ಅವನಿಗೆ ಅನ್ನಿಸಿತು. ಅನ್ನಿಸಿ, ಕೈ ಇಳಿಸಲು ಮಾತ್ರ ಮನಸ್ಸಾಗಲಿಲ್ಲ. ಹೀಗೇ ನಿಂತಿದ್ದರೆ ಯಾರಾದರೂ ಬಂದು ಹಿಡಿದುಕೊಂಡು ಹೋಗುತ್ತಾರೇನೋ.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತು ನೋಡುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಅವನು ಅವಳಿಗೆ ಹೇಳಿದ ಮೊದಲ ಗಂಭೀರ ಮಾತು, ಆಫೀಸಿನಲ್ಲಿ ಏನು ಮಾಡುತ್ತೀರಿ ಎಂದು ಕೇಳಬೇಡ ಎನ್ನುವುದು. ಕೇಳಿದರೆ ಹೇಳುವ ಹಾಗಿಲ್ಲ, ಹೇಳದಿದ್ದರೆ ನಿನಗೆ ಬೇಸರ. ಆದ್ದರಿಂದ ಕೇಳದಿರುವುದೇ ಇಬ್ಬರಿಗೂ ಕ್ಷೇಮ. ಅವಳು ಅದನ್ನು ಒಪ್ಪಿಕೊಂಡು ನೆಂಟರ ನಡುವೆ ತಮಾಷೆಯಾಗಿ ಬಳಸುತ್ತ ಬಂದಿದ್ದಳು. ನಮ್ಮನೆಯವರು ಏನು ಮಾಡ್ತಾರೆ ಅಂತ ನಂಗಂತೂ ಗೊತ್ತಿಲ್ಲ, ಅವರಿಗಾದ್ರೂ ಗೊತ್ತಿದೆಯೋ ಇಲ್ವೋ, ಎಂದು ಅವಳು ಹೇಳಿದಾಗಲೆಲ್ಲ ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ. ಆ ಒಂದು ನಿಯಮದ ನೆರಳಿನಲ್ಲಿ ಎಷ್ಟೊಂದು ಬೇರೆ ಸಂಗತಿಗಳೂ ಬೆಳೆದುಕೊಂಡಿದ್ದವು: ಬಡ್ತಿ ತಪ್ಪಿದ ವರ್ಷದ ಸಿಟ್ಟು, ಎದೆಯಲ್ಲಿ ಆಗಾಗ ಏಳುವ ಚಳಕು, ಒಮ್ಮೆ ಒಬ್ಬ ಸಹೋದ್ಯೋಗಿಯ ಮುಂದೆ ಕಣ್ಣೀರು ಬಂದದ್ದು. ಇವು ಯಾವುದೂ ದೇಶದ ಗುಟ್ಟಾಗಿರಲಿಲ್ಲ. ಆದರೂ ಹೇಳಿರಲಿಲ್ಲ. ಕೊನೆಗೆ ಯಾವುದು ಗುಟ್ಟು, ಯಾವುದು ಬರೀ ಸುಮ್ಮನಿರುವ ಚಾಳಿ ಎಂಬ ಗೆರೆಯೇ ಅಳಿಸಿಹೋಗಿತ್ತು. ಅವನು ಬೂಟಿನ ದಾರ ಕಟ್ಟಲು ಬಗ್ಗಿದಾಗ ಅವಳು ಲೋಟವನ್ನು ಪಕ್ಕದಲ್ಲಿಟ್ಟು, ಅಪ್ಪನಿಗೆ ಕೇಳಿಸದ ದನಿಯಲ್ಲಿ, “ಒಂದೇ ಒಂದು ಕೇಳ್ತೀನಿ. ಅದು ಹೇಳಬಾರದ್ದೋ, ಹೇಳೋಕೆ ಆಗದ್ದೋ? ಅಷ್ಟು ಹೇಳಿದ್ರೆ ಸಾಕು, ಏನು ಅಂತ ಬೇಡ,” ಎಂದಳು. ದಾರ ಸರಿಯಾಗಿ ಬಿಗಿದಿದ್ದರೂ ಅವನು ಬಿಚ್ಚಿ ಮತ್ತೆ ಕಟ್ಟಿದ. ತಲೆ ಎತ್ತುವ ಹೊತ್ತಿಗೆ ಅವಳು ಅಲ್ಲಿರಲಿಲ್ಲ.

ಗೇಟಿನಲ್ಲಿ ಫೋನನ್ನು ಗೋಡೆಯ ಗೂಡಿನಲ್ಲಿಟ್ಟು ಬಿಲ್ಲೆ ತೆಗೆದುಕೊಳ್ಳಬೇಕು. ಅದು ಎಲ್ಲರಿಗೂ ಒಂದೇ ನಿಯಮ, ಅವನೇ ಬಿಗಿ ಮಾಡಿದ್ದು. ಅಪಘಾತದ ನಂತರ ಕಾವಲಿಗೆ ಹೊರಗಿನವರು ಬಂದಿದ್ದರು. ಹೊಸ ಕಾವಲುಗಾರ ಅವನ ಗುರುತಿನ ಚೀಟಿ ಇಸಿದುಕೊಂಡು ಫೋಟೋವನ್ನೂ ಮುಖವನ್ನೂ ಬದಲಿಸಿ ಬದಲಿಸಿ ನೋಡಿದ. ಹಿಂದೆ ನಿಂತವರು ಯಾರೂ ಇವರು ನಮ್ಮ ನಿರ್ದೇಶಕರು ಎನ್ನಲಿಲ್ಲ. ಚಪ್ಪಲಿ ನೋಡಿಕೊಳ್ಳುತ್ತ ನಿಂತರು. ಇದರಲ್ಲಿ ದಪ್ಪ ಇದೀರಲ್ಲ ಸಾರ್, ಎಂದು ಕಾವಲುಗಾರ ಚೀಟಿ ಹಿಂದಕ್ಕೆ ಕೊಟ್ಟ. ಅವನು ನಕ್ಕ. ನಗಬೇಕಾಗಿರಲಿಲ್ಲ. ನಕ್ಕಿದ್ದಕ್ಕೆ ಒಳಗೆ ಹೋಗುವ ದಾರಿಯುದ್ದಕ್ಕೂ ತನ್ನ ಮೇಲೇ ಹೇಸಿಗೆಯಾಯಿತು. ಬೇಲಿಯಾಚೆ ದೂರದಲ್ಲಿ ಪರೀಕ್ಷಾ ಕಟ್ಟೆ ಕಾಣುತ್ತಿತ್ತು. ಸಿಮೆಂಟಿನ ಕಟ್ಟೆ, ಅದರ ಮೇಲೆ ಕಬ್ಬಿಣದ ಚೌಕಟ್ಟು, ಚೌಕಟ್ಟಿನ ಒಂದು ಬದಿ ಮಸಿ ಹಿಡಿದಿತ್ತು. ಅಲ್ಲಿಂದ ಕಂಟ್ರೋಲ್ ರೂಮಿನವರೆಗೆ ಬಿಳಿ ಸುಣ್ಣದ ಗೆರೆ ಎಳೆದ ನೇರ ದಾರಿ, ದಾರಿಯ ನಡುವೆ ಒಂದು ಕಂಬ, ಕಂಬದ ತುದಿಯಲ್ಲಿ ಧ್ವನಿವರ್ಧಕ. ಅದನ್ನು ನೋಡಬಾರದೆಂದು ಮುಖ ತಿರುಗಿಸಿದಾಗ, ನೋಡಬಾರದೆಂದು ತಿರುಗಿಸಿದ್ದನ್ನು ಯಾರಾದರೂ ನೋಡಿದರೇ ಎಂದು ಭಯವಾಗಿ ಮತ್ತೆ ಆ ಕಡೆಗೇ ನೋಡಿದ.

ಆ ದಿನ ಅವರು ಪರೀಕ್ಷೆಗಿಟ್ಟದ್ದು ಒಂದು ರಾಕೆಟ್ ಮೋಟರು. ಒಳಗೆ ರಬ್ಬರಿನಂಥ ಗಟ್ಟಿ ಇಂಧನ ತುಂಬಿದ ಉಕ್ಕಿನ ಕೊಳವೆ. ಅದನ್ನು ಕಟ್ಟೆಗೆ ಬಿಗಿದು, ಬಾಯಿಗೆ ಕಿಡಿಸಾಧನ ಜೋಡಿಸಿ, ದೂರದಿಂದ ಗುಂಡಿ ಒತ್ತಿ ಉರಿಸುತ್ತಾರೆ. ಒತ್ತಿದರು, ಉರಿಯಲಿಲ್ಲ. ಎರಡನೇ ಸಲ ಒತ್ತಿದರು, ಆಗಲೂ ಇಲ್ಲ. ಹೀಗೆ ಕಿಡಿ ಹತ್ತದೇ ಹೋದಾಗ ಕಾಯಬೇಕು. ಒಮ್ಮೊಮ್ಮೆ ಕಿಡಿ ಒಳಗೇ ಕೆಂಡವಾಗಿ ಕೂತಿರುತ್ತದೆ, ತನಗೆ ಬೇಕಾದ ಹೊತ್ತಿಗೆ ಏಳುತ್ತದೆ. ಅದಕ್ಕೇ ಒಂದು ಹೊತ್ತು ಗೊತ್ತುಮಾಡಿದ್ದಾರೆ; ಅದು ಕಳೆಯುವವರೆಗೆ ಕೆಂಪು ಬಾವುಟ ಮೇಲೇ ಇರಬೇಕು, ಬಾವುಟ ಮೇಲಿರುವಷ್ಟು ಕಾಲ ಯಾವ ಜೀವವೂ ಕಟ್ಟೆಯ ಹತ್ತಿರ ಹೋಗಬಾರದು. ಬಾವುಟ ಇಳಿಸುವ ಅಧಿಕಾರ ಸುರಕ್ಷತಾ ಅಧಿಕಾರಿಗೆ ಮಾತ್ರ. ಅವನನ್ನು ಲ್ಯಾಬಿನಲ್ಲಿ ಎಲ್ಲರೂ ದೊಡ್ಡಪ್ಪ ಎಂದೇ ಕರೆಯುತ್ತಿದ್ದರು, ಬೀಡಿ ಸೇದಬೇಡ, ಓಡಬೇಡ, ಒದ್ದೆ ಕೈಯಲ್ಲಿ ಮುಟ್ಟಬೇಡ ಎಂದು ಇಡೀ ದಿನ ಗೊಣಗುವ ಅವನ ಸ್ವಭಾವಕ್ಕೆ. ನಿರ್ದೇಶಕನೂ ದೊಡ್ಡಪ್ಪನೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಮೊದಲ ವರ್ಷಗಳಲ್ಲಿ ಒಮ್ಮೆ ಕಂಟ್ರೋಲ್ ರೂಮಿನಿಂದ ಮೂರು ಜನ ಒಟ್ಟಿಗೆ ಮೈಕಿನಲ್ಲಿ ಕೂಗಿ, ಒಬ್ಬ ಬಾ ಎಂದು, ಇನ್ನೊಬ್ಬ ಹೋಗು ಎಂದು, ಕೆಲಸದವನೊಬ್ಬ ದಾರಿಯ ನಡುವೆ ಕಂಗಾಲಾಗಿ ನಿಂತುಬಿಟ್ಟಿದ್ದ. ಅವತ್ತು ಏನೂ ಆಗಲಿಲ್ಲ. ಆದರೆ ಆ ಸಂಜೆಯೇ ಚಹಾದ ಅಂಗಡಿಯಲ್ಲಿ ದೊಡ್ಡಪ್ಪನ ಜೊತೆ ಕೂತು ಅವನು ಒಂದು ಪದ್ಧತಿ ಯೋಚಿಸಿದ. ಮೈಕು ಒಬ್ಬರ ಕೈಯಲ್ಲಿ ಮಾತ್ರ, ಪರೀಕ್ಷೆಯ ಹಿರಿಯನ ಕೈಯಲ್ಲಿ. ಅದರಲ್ಲಿ ಆಡಬಹುದಾದ ಮಾತು ಒಂದೇ: ನಿಲ್ಲು. ಕಟ್ಟೆಗೆ ಹೋಗುವವನು ಕಂಬದ ಹತ್ತಿರ ಒಮ್ಮೆ ನಿಂತು ಹಿಂದಿರುಗಿ ನೋಡಬೇಕು. ಮೈಕು ಸುಮ್ಮನಿದ್ದರೆ ದಾರಿ ತೆರೆದಿದೆ ಎಂದು ಅರ್ಥ. ದೊಡ್ಡಪ್ಪ ಆಗ ಚಹಾ ಹೀರುತ್ತ, ಚೆನ್ನಾಗಿದೆ ಮಾರಾಯ, ಹೆಚ್ಚು ಮಾತಾಡದವನು ಮಾಡಿದ ಪದ್ಧತಿ ಅಂತ ನೋಡಿದ ಕೂಡ್ಲೇ ಗೊತ್ತಾಗತ್ತೆ, ಎಂದಿದ್ದ. ಪದ್ಧತಿ ಚೆನ್ನಾಗಿ ನಡೆಯಿತು. ನಿಯಮದ ಪುಸ್ತಕಕ್ಕೆ ಏರದಿದ್ದರೂ ಕಟ್ಟೆಯಲ್ಲಿ ಎಲ್ಲರೂ ಅದನ್ನೇ ಪಾಲಿಸಿದರು. ಒಂದು ಇಡೀ ವೃತ್ತಿಜೀವನದಲ್ಲಿ ತನ್ನದು ಎಂದು ಹೇಳಿಕೊಳ್ಳಬಹುದಾದದ್ದು ಅದೊಂದೇ ಎಂದು ಅವನು ಎಷ್ಟೋ ಸಲ ಒಳಗೊಳಗೇ ಹೆಮ್ಮೆಪಟ್ಟಿದ್ದ.

ಆ ದಿನ ಕಂಟ್ರೋಲ್ ರೂಮಿನಲ್ಲಿ ಮೈಕು ಅವನ ಕೈಯಲ್ಲಿತ್ತು, ಹಿಂದಿನ ಸಾಲಿನಲ್ಲಿ ಸೇನೆಯ ಹಿರಿಯ ಅಧಿಕಾರಿಗಳು ಕೂತಿದ್ದರು. ಮೋಟರು ಅವರಿಗೆ ಬೇಕಾಗಿದ್ದದ್ದು, ಬಹಳ ವರ್ಷಗಳ ಹಿಂದೆ. ಪ್ರತಿ ಸಭೆಯಲ್ಲೂ ಮುಂದಿನ ಸಭೆಯ ಮಾತು ಕೊಟ್ಟು ಕೊಟ್ಟು ಅವರ ನಡುವೆ ತನಗೆ ‘ನಾಳೆ ಸಾಹೇಬ’ ಎಂಬ ಹೆಸರು ಬಿದ್ದಿರುವುದು ಅವನಿಗೆ ಗೊತ್ತಿತ್ತು. ಒಮ್ಮೆ ಶೌಚಾಲಯದಲ್ಲಿ, ಬಾಗಿಲ ಆಚೆಯಿಂದ ಕೇಳಿಸಿಕೊಂಡಿದ್ದ. ಕಾಯುವ ಹೊತ್ತು ಅರ್ಧ ಕಳೆದಿರಬಹುದು, ಹಿಂದಿನ ಕುರ್ಚಿ ಕಿರುಗುಟ್ಟಿತು. ಅವರಲ್ಲಿ ಎಲ್ಲರಿಗಿಂತ ಹಿರಿಯರಾದವರು, ಗಟ್ಟಿಯಾಗಿ ಅಲ್ಲ, ಎಲ್ಲರಿಗೂ ಕೇಳಿಸುವಷ್ಟು ಮೆಲ್ಲಗೆ, “ನಿಮ್ಮ ಮೋಟರಿಗೂ ನಿಮ್ಮ ಹಾಗೇ ನಾಚಿಕೆ ಸ್ವಭಾವ ಅಂತ ಕಾಣತ್ತೆ,” ಎಂದರು. ನಗು ಎದ್ದಿತು. ತನ್ನ ಕಡೆಯ ಎಂಜಿನಿಯರುಗಳೂ ನಕ್ಕರು, ಅಥವಾ ನಗುವನ್ನು ಕೆಮ್ಮಾಗಿ ಬದಲಿಸಿದರು. ಅವನ ಕಿವಿಯ ತುದಿ ಬಿಸಿಯಾಯಿತು. ಆಗಲೇ ಅವನು ಮಣಿಕಟ್ಟು ತಿರುಗಿಸಿ ಗಡಿಯಾರ ನೋಡಿಕೊಂಡದ್ದು. ನೋಡಿ, ತಲೆ ಎತ್ತಿದಾಗ ಗಾಜಿನಾಚೆ ಬಾವುಟದ ಹಗ್ಗದ ಹತ್ತಿರ ನಿಂತಿದ್ದ ದೊಡ್ಡಪ್ಪನ ಕಣ್ಣು ಅವನ ಕೈಯ ಮೇಲಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಎಷ್ಟೋ ವರ್ಷಗಳಿಂದ ಒಬ್ಬರ ಮುಖ ಒಬ್ಬರು ಓದಿ ಅಭ್ಯಾಸವಾದವರು. ಅವನು ಮುಖವನ್ನು ಬೇರೆ ಕಡೆ ತಿರುಗಿಸಬಹುದಿತ್ತು, ಇಲ್ಲ ಎಂದು ತಲೆಯಾಡಿಸಬಹುದಿತ್ತು. ಮತ್ತೊಮ್ಮೆ ಗಡಿಯಾರ ನೋಡಿಕೊಂಡ.

ವಿಚಾರಣೆ ನಡೆಯುತ್ತಿದ್ದದ್ದು ಅವನದೇ ಸಭಾಕೊಠಡಿಯಲ್ಲಿ, ಮೇಜೂ ಅವನದೇ. ಯಾವಾಗಲೂ ತಾನು ಕೂರುತ್ತಿದ್ದ ಕುರ್ಚಿಯಲ್ಲಿ ಈಗ ಅಧ್ಯಕ್ಷರು, ಒಬ್ಬ ನಿವೃತ್ತ ನ್ಯಾಯಾಧೀಶರು, ಗಂಟಲಿಗೆ ಒಂದು ಮಾತ್ರೆ ಚೀಪುತ್ತ ಕೂತಿದ್ದರು. ಅವರ ಪಕ್ಕ ಇನ್ನೊಂದು ಲ್ಯಾಬಿನ ವಿಜ್ಞಾನಿ, ತಾಂತ್ರಿಕ ಸದಸ್ಯ, ಎಲ್ಲ ಪ್ರಶ್ನೆಗೂ ಮೊದಲು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುವವನು. ಎದುರು ಬದಿಯಲ್ಲಿ ದೊಡ್ಡಪ್ಪ. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಹೆಂಡತಿ ಇಸ್ತ್ರಿ ಮಾಡಿರಬೇಕು, ತೋಳಿನ ಮಡಿಕೆ ಎರಡೆರಡು ಗೆರೆಯಾಗಿತ್ತು. ಬಾವುಟ ಹೊತ್ತಿಗೆ ಮುಂಚೆ ಇಳಿದದ್ದು ನಿಜ, ಇಳಿಸಿದ ಕೈ ಅವನದೇ. ಆದ್ದರಿಂದ ಕೆಲಸ ಹೋಗುವುದು ಖಚಿತ, ಮೊಕದ್ದಮೆಯಾಗಿ ಜೈಲೂ ಆಗಬಹುದು ಎಂದು ಕಾರಿಡಾರಿನಲ್ಲಿ ಮಾತಿತ್ತು. ಇಳಿಸು ಎಂದು ಯಾರಾದರೂ ಹೇಳಿದ್ದರೇ ಎಂಬುದಷ್ಟೇ ಉಳಿದ ಪ್ರಶ್ನೆ. ಅಧ್ಯಕ್ಷರು ಅದನ್ನು ದೊಡ್ಡಪ್ಪನಿಗೆ ಕೇಳಿದರು. ದೊಡ್ಡಪ್ಪ ತನ್ನ ಹಸ್ತಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ಅವನ್ನೇ ನೋಡುತ್ತ, ಸಾಹೇಬರು ಏನೂ ಹೇಳಲಿಲ್ಲ, ಎಂದ. ಮತ್ತೇಕೆ ಇಳಿಸಿದಿರಿ? ಹೊತ್ತಾಯ್ತು ಅನ್ನಿಸ್ತು. ಅನ್ನಿಸಿದ್ದು ಯಾಕೆ? ದೊಡ್ಡಪ್ಪ ಬಹಳ ನಿಧಾನವಾಗಿ ತಲೆಯೆತ್ತಿ ಎದುರಿಗೆ ಕೂತ ಅವನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅದರಲ್ಲಿದ್ದದ್ದು ಒಂದು ಬಗೆಯ ತಾಳ್ಮೆ, ಬಾಗಿಲು ಹಿಡಿದು ನಿಂತು, ಹೋಗು, ಮೊದಲು ನೀನೇ ಹೋಗು ಎನ್ನುವವನ ತಾಳ್ಮೆ.

ಆಮೇಲೆ ಕಂಟ್ರೋಲ್ ರೂಮಿನ ಧ್ವನಿಮುದ್ರಣ ಹಾಕಿದರು. ಫ್ಯಾನಿನ ಸದ್ದು. ಕುರ್ಚಿಯ ಕಿರುಗು. ಆ ಹಿರಿಯರ ಮಾತು ಅಸ್ಪಷ್ಟವಾಗಿ ಕೇಳಿಸಿ, ನಗು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಮುದ್ರಣದಲ್ಲಿ ಅದು ಇನ್ನೂ ಉದ್ದವಾಗಿತ್ತು. ನಂತರ ಏನೂ ಇಲ್ಲ. ಏನೂ ಇಲ್ಲದಿರುವುದು ಇಷ್ಟು ಹೊತ್ತು ನಡೆಯುತ್ತದೆ ಎಂದು ಅವನಿಗೆ ನೆನಪಿರಲಿಲ್ಲ. ಎಲ್ಲರೂ ತಲೆ ತಗ್ಗಿಸಿ ಆ ಖಾಲಿಯನ್ನು ಆಲಿಸುತ್ತಿದ್ದರು, ಸತ್ತವರ ಮನೆಯಲ್ಲಿ ಕೂತ ಹಾಗೆ. ಆ ಖಾಲಿಯ ನಡುವೆ ಎಲ್ಲೋ ಒಂದು ಸಣ್ಣ ಸದ್ದು, ಟಕ್ ಎಂದು. ಸ್ವಲ್ಪ ತಡೆದು ಮತ್ತೊಮ್ಮೆ ಟಕ್. ಅದಾದಮೇಲೆ ಸ್ಫೋಟ. ಮುದ್ರಣದಲ್ಲಿ ಸ್ಫೋಟ ಅಷ್ಟು ದೊಡ್ಡದಾಗಿ ಕೇಳಲಿಲ್ಲ, ಯಾರೋ ಪಕ್ಕದ ಕೋಣೆಯಲ್ಲಿ ಬೀರು ಬೀಳಿಸಿದ ಹಾಗಿತ್ತು. ಅಧ್ಯಕ್ಷರು ಮಾತ್ರೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿ, ಆ ಸಣ್ಣ ಸದ್ದು ಏನದು ಎಂದು ಕೇಳಿದರು. ತಾಂತ್ರಿಕ ಸದಸ್ಯ ಪೆನ್ನಿನ ಮುಚ್ಚಳ ಹಾಕುತ್ತ, ಲೈನಿನಲ್ಲಿ ಬರುವ ಸದ್ದಿರಬೇಕು, ಹಳೆಯ ಕೇಬಲ್ಲು, ಎಂದ. ನೀವೇನು ಹೇಳುತ್ತೀರಿ ಎನ್ನುವ ಹಾಗೆ ಅಧ್ಯಕ್ಷರು ಅವನ ಕಡೆ ತಿರುಗಿದರು. ಅವನ ಬಲಗೈ ಹೆಬ್ಬೆರಳು ಮೇಜಿನ ಕೆಳಗೆ ತಾನೇ ತಾನಾಗಿ ಮಡಚಿಕೊಂಡಿತು. ಅದು ಮೈಕಿನ ಗುಂಡಿ ಒತ್ತಿದ ಸದ್ದು. ಮೊದಲ ಟಕ್, ಒತ್ತಿದ್ದು. ಎರಡನೆಯದು, ಬಿಟ್ಟದ್ದು. ಎರಡರ ನಡುವಿನ ತಡೆಯಲ್ಲಿ ಧ್ವನಿವರ್ಧಕ ತೆರೆದಿತ್ತು, ಅವನ ತುಟಿಯೂ ತೆರೆದಿತ್ತು. “ಕೇಬಲ್ಲುಗಳು ಹಳೆಯವು,” ಎಂದ ಅವನು. ಅದೂ ನಿಜವೇ. ಕೇಬಲ್ಲುಗಳು ನಿಜಕ್ಕೂ ಹಳೆಯವು.

ಮಧ್ಯಾಹ್ನದ ಬಿಡುವಿನಲ್ಲಿ ಯಾರ ಜೊತೆಗೂ ಊಟಕ್ಕೆ ಕೂರುವುದು ಸಾಧ್ಯವಿರಲಿಲ್ಲ, ಆಸ್ಪತ್ರೆಗೆ ಹೋದ. ಹೋಗಲೇಬೇಕೆಂದು ಹೋದದ್ದಲ್ಲ, ಕಾರಿನ ಚಾಲಕ ಎಲ್ಲಿಗೆ ಎಂದು ಕೇಳಿದಾಗ ಬಾಯಿಗೆ ಬಂದದ್ದು ಅದು. ಸುಟ್ಟವರ ವಾರ್ಡಿನಲ್ಲಿ ಬೂಟು ಬಿಚ್ಚಿ ಹಸಿರು ನಿಲುವಂಗಿ ತೊಡಬೇಕಿತ್ತು. ಅದನ್ನು ಹಿಂದಿನಿಂದ ಕಟ್ಟಲು ಅವನ ಕೈಗೆ ಎಟುಕಲಿಲ್ಲ; ಕಡ್ಡಿಯ ಹೆಂಡತಿಯೇ ಎದ್ದು ಬಂದು ಕಟ್ಟಿದಳು. ಕಡ್ಡಿ ಎನ್ನುವುದು ಲ್ಯಾಬಿನವರು ಇಟ್ಟ ಹೆಸರು, ತೆಳ್ಳಗಿನ ಆಳು, ಕಿಡಿಸಾಧನ ಜೋಡಿಸುವ ಫಿಟ್ಟರು, ಆ ದಿನ ಕಟ್ಟೆಗೆ ನಡೆದವನು. ಅವಳ ಬೆರಳು ಬೆನ್ನ ಮೇಲೆ ಗಂಟು ಹಾಕುವಾಗ ಅವನು ಬೆಳಿಗ್ಗೆ ಮಾವನ ಮುಂದೆ ನಿಂತ ಹಾಗೇ ಉಸಿರು ಹಿಡಿದು ನಿಂತ. ಬಂದಿರಲ್ಲ ಸಾರ್, ದಿನಾ ಕೇಳ್ತಿರ್ತಾರೆ, ಸಾಹೇಬರು ಬಂದಿದ್ರಾ, ಬಂದಿದ್ರಾ ಅಂತ, ಎಂದಳು. ಅವಳಿಗೆ ಅವನ ಮೇಲೆ ಕೃತಜ್ಞತೆಯಿತ್ತು. ಔಷಧಕ್ಕೆ, ಈ ಪ್ರತ್ಯೇಕ ಕೋಣೆಗೆ ಅವನು ಸಹಿ ಹಾಕಿದ್ದ. ಕಡ್ಡಿಯ ಮುಖ ತುಂಬ ಬಟ್ಟೆ ಸುತ್ತಿತ್ತು. ಜೀವಕ್ಕೆ ಅಪಾಯವಿಲ್ಲ, ಕಣ್ಣಿನ ಮಾತು ಹೇಳಲಾರೆವು ಎಂದಿದ್ದರು ಡಾಕ್ಟರು. ಕೈಗಳನ್ನು ಎರಡು ಬಿಳಿ ಮೂಟೆಗಳ ಹಾಗೆ ಹಾಸಿಗೆಯ ಮೇಲಿಟ್ಟಿದ್ದರು. ಕೋಣೆಯಲ್ಲಿ ಮುಲಾಮಿನ ವಾಸನೆ. ಅದರ ಅಡಿಯಲ್ಲಿ ಇನ್ನೊಂದು ವಾಸನೆ, ಆ ದಿನದಿಂದ ಅವನಿಗೆ ಗುರುತಿದ್ದ ವಾಸನೆ.

ಯಾರು ಎಂದು ಹೆಂಡತಿ ಕಿವಿಯಲ್ಲಿ ಹೇಳಿದಾಗ ಕಡ್ಡಿ ಏಳಲು ನೋಡಿದ. ಎಷ್ಟೋ ವರ್ಷ ಸಾಹೇಬರು ಬಂದಾಗ ಎದ್ದು ನಿಂತ ಮೈ ಅದು, ಸುಟ್ಟರೂ ಮರೆತಿರಲಿಲ್ಲ. ಬೇಡ ಬೇಡ ಎಂದು ಅವನು ಅವಸರದಿಂದ ಅವನ ಭುಜ ಮುಟ್ಟಹೋಗಿ, ಎಲ್ಲಿ ಮುಟ್ಟಬಹುದೋ ತಿಳಿಯದೆ, ಮಂಚದ ಕಬ್ಬಿಣ ಹಿಡಿದುಕೊಂಡ. ಬಟ್ಟೆಯ ನಡುವಿನ ಸೀಳಿನಿಂದ ಮಾತು ಬರುತ್ತಿತ್ತು, ತುಟಿ ಕೂಡಿಸಬೇಕಾದ ಅಕ್ಷರಗಳೆಲ್ಲ ಗಾಳಿಯಾಗಿ. ಮೊದಲು ತಮಾಷೆ ಮಾಡಿದ, ಕಡ್ಡಿ ಅಂದ ಮೇಲೆ ಒಂದಿನ ಉರೀಬೇಕಲ್ಲ ಸಾರ್, ಎಂದ. ಅವನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದಳು. ಅವಳು ಹೋದದ್ದು ಬಾಗಿಲ ಸದ್ದಿನಿಂದ ಗೊತ್ತಾದ ಮೇಲೆ ಕಡ್ಡಿ ದನಿ ಇಳಿಸಿದ.

“ಬಾವುಟ ಇಳಿದಿತ್ತಲ್ವಾ ಸಾರ್? ನಾನು ಸರಿಯಾಗೇ ನೋಡಿದ್ದಲ್ವಾ?”

ಇಳಿದಿತ್ತು ಎಂದ ಅವನು. ಇದಕ್ಕೆ ಉತ್ತರ ಕೊಡಬಹುದು ಎಂದು ಎಂಥದೋ ಬಿಡುಗಡೆಯಾಗಿ ಮತ್ತೊಮ್ಮೆ, ಇಳಿದಿತ್ತು, ನಿನ್ನದೇನೂ ತಪ್ಪಿಲ್ಲ, ಎಂದ. ಕಡ್ಡಿ ದೀರ್ಘವಾಗಿ ಉಸಿರು ಬಿಟ್ಟ. ಇಷ್ಟು ದಿನ ಕತ್ತಲೆಯಲ್ಲಿ ಮಲಗಿ ಅವನು ಅದನ್ನೇ ತಿರುವಿ ಹಾಕುತ್ತಿದ್ದನಂತೆ. ತಾನೇ ಅವಸರ ಮಾಡಿಬಿಟ್ಟೆನೋ ಏನೋ, ಮಕ್ಕಳು ನಾಳೆ ದಿನ ಅಪ್ಪನ ಬುದ್ಧಿಗೇಡಿತನದಿಂದ ಹೀಗಾಯಿತು ಎಂದುಕೊಂಡರೆ ಎಂದು.

“ಕಂಬದ ಹತ್ರ ನಿಂತ್ಕೊಂಡೆ ಸಾರ್. ಯಾಕೋ ಮನಸ್ಸಿಗೆ ಸರಿ ಬರ್ಲಿಲ್ಲ, ಇಷ್ಟು ಬೇಗ ಬಾವುಟ ಇಳೀತಲ್ಲ ಅಂತ. ಹಿಂದಕ್ಕೆ ತಿರುಗಿ ನೋಡ್ದೆ. ದಿನಾ ನೋಡೋದಕ್ಕಿಂತ ಜಾಸ್ತಿ ಹೊತ್ತೇ ನೋಡ್ದೆ. ಗಾಜಿನ ಹಿಂದೆ ನೀವು ಕಾಣ್ತಿದ್ರಿ, ಕೈಯಲ್ಲಿ ಮೈಕಿತ್ತು. ಸಾಹೇಬ್ರು ಅಲ್ಲೇ ಇದಾರೆ, ನೋಡ್ತಾ ಇದಾರೆ ಅಂತ ಧೈರ್ಯ ಬಂತು. ಹೋದೆ.”

ಕಡ್ಡಿಯ ಮಾತಿನಲ್ಲಿ ಎಲ್ಲೂ ಆರೋಪವಿರಲಿಲ್ಲ, ಅದನ್ನು ಹುಡುಕುತ್ತ ಅವನು ಆ ಮಾತುಗಳನ್ನು ಒಳಗೇ ಮಗುಚಿ ಮಗುಚಿ ನೋಡಿದ. ಗಾಜಿನ ಹಿಂದಿನಿಂದ ಅವನಿಗೂ ಕಡ್ಡಿ ಕಂಡಿದ್ದ. ಸಣ್ಣಗೆ, ಸುಣ್ಣದ ಗೆರೆಯ ಮೇಲೆ, ಒಂದು ಕೈಯನ್ನು ಬಿಸಿಲಿಗೆ ಹಣೆಗೆ ಅಡ್ಡ ಹಿಡಿದುಕೊಂಡು. ಇವನೇಕೆ ಇಷ್ಟು ಹೊತ್ತು ನಿಂತ ಎಂದು ಅನ್ನಿಸಿತ್ತು. ಗುಂಡಿ ಒತ್ತಿದ್ದ. ಒತ್ತಿದ ಆ ಕ್ಷಣದಲ್ಲಿ ಬೆನ್ನ ಹಿಂದಿನ ಸಾಲು ನಿಶ್ಶಬ್ದವಾದದ್ದು ಕೇಳಿಸಿತು. ಅವರು ಕಾಯುತ್ತಿದ್ದರು. ಈಗ ನಿಲ್ಲು ಎಂದರೆ ಮತ್ತೆ ಬಾವುಟ ಏರಿಸಬೇಕು, ಮತ್ತೆ ಕಾಯಬೇಕು, ಮತ್ತೆ ಆ ಕುರ್ಚಿ ಕಿರುಗುಟ್ಟಬೇಕು, ಮತ್ತೆ ಆ ಮೆಲ್ಲಗಿನ ದನಿ ಏನಾದರೂ ಹೇಳಬೇಕು. ಅವನು ಹೆದರಿದ್ದು ಸಾವಿಗಲ್ಲ, ಯೋಜನೆ ನಿಲ್ಲುತ್ತದೆ ಎಂದೂ ಅಲ್ಲ. ಇನ್ನೊಂದು ನಗುವಿಗೆ. ಒಬ್ಬ ಮನುಷ್ಯನ ಕಣ್ಣಿನ ಬದಲು ಒಂದು ನಗು. ತಕ್ಕಡಿಯಲ್ಲಿ ಹೀಗಿಟ್ಟು ನೋಡಿದರೆ ಯಾರಾದರೂ ಇದನ್ನು ನಂಬುತ್ತಾರೆಯೇ? ಅವನಿಗೇ ನಂಬಲು ಆಗುತ್ತಿರಲಿಲ್ಲ, ಆದರೆ ಹೆಬ್ಬೆರಳು ಗುಂಡಿಯಿಂದ ಮೇಲೆ ಬಂದದ್ದು ಅದಕ್ಕೇ. ಕಡ್ಡಿಯ ಹಾಸಿಗೆಯ ಪಕ್ಕ ಬಗ್ಗಿ, ಈಗ ಹೇಳಿಬಿಡುತ್ತೇನೆ ಎಂದುಕೊಂಡ. ಇವನು ನನ್ನನ್ನು ನೋಡಲಾರ, ಇವನಿಗೆ ಹೇಳುವುದು ಎಲ್ಲಕ್ಕಿಂತ ಸುಲಭ. ಆ ಸುಲಭವೇ ಅವನಿಗೆ ಅಸಹ್ಯವಾಯಿತು. ಅಥವಾ ಅಸಹ್ಯವಾಯಿತು ಎನ್ನುವುದೂ ಒಂದು ನೆಪವಾಗಿ ಒದಗಿಬಂತು. ನಿದ್ದೆ ಮಾಡು ಎಂದು ಹೇಳಿ ಎದ್ದ. ಬಾಗಿಲ ಹೊರಗೆ ಕಡ್ಡಿಯ ಹೆಂಡತಿ ಬೆನ್ನ ಗಂಟು ಬಿಚ್ಚಿದಳು. ಹಗುರವಾಗಿ ಕಟ್ಟಿದ್ದೆ ಸಾರ್, ಬಿಗಿಯಾಯ್ತಾ ಎಂದು ಕೇಳಿದಳು.

ಮಧ್ಯಾಹ್ನದ ಕಲಾಪ ಚಿಕ್ಕದು. ಸೆಖೆಯಿತ್ತು, ಎಲ್ಲರಿಗೂ ಮುಗಿಸುವ ಅವಸರ. ಇಲ್ಲಿ ಸೇರಿದವರಲ್ಲಿ ಯಾರೊಬ್ಬರೂ ಆ ಪದ್ಧತಿಯ ಬಗ್ಗೆ ಕೇಳಿಲ್ಲವಲ್ಲ ಎಂದು ಅವನು ಬೆರಗಿನಿಂದ ಯೋಚಿಸುತ್ತಿದ್ದ. ಆಜ್ಞೆ ಇತ್ತೇ ಎಂದು ಕೇಳಿದರು, ಇರಲಿಲ್ಲ. ಬಾವುಟದ ಬಗ್ಗೆ ಕೇಳಿದರು, ಕಿಡಿಸಾಧನದ ತಂತಿಯ ಬಗ್ಗೆ ಕೇಳಿದರು, ಹವೆಯ ತೇವದ ಬಗ್ಗೆ ಕೇಳಿದರು. ಆಡಿದ ಮಾತನ್ನೆಲ್ಲ ಹುಡುಕಿ ತೂಗಿದರು. ಆಡದೇ ಹೋದ ಮಾತನ್ನು ಹುಡುಕುವ ಬಗೆ ಅವರಿಗೆ ಗೊತ್ತಿರಲಿಲ್ಲ, ಮೈಕು ಸುಮ್ಮನಿರುವುದೇ ಇಲ್ಲಿ ‘ಹೋಗು’ ಎನ್ನುವ ಮಾತು ಎಂದು ಅವರಿಗೆ ಹೇಳಬಲ್ಲವರು ಆ ಮೇಜಿನಲ್ಲಿ ಇಬ್ಬರೇ. ಒಬ್ಬ ಎದುರಿಗೆ ಕೂತು ತನ್ನ ಹಸ್ತಗಳನ್ನು ನೋಡಿಕೊಳ್ಳುತ್ತಿದ್ದ. ದೊಡ್ಡಪ್ಪ ಯಾಕೆ ಹೇಳುತ್ತಿಲ್ಲ? ಗಡಿಯಾರ ನೋಡಿಕೊಂಡರು, ಎರಡು ಸಲ ನೋಡಿಕೊಂಡರು ಎಂದು ಅಂದುಬಿಡಬಾರದೇ? ಅಂದರೆ ತಾನು ಅಲ್ಲಗಳೆಯಬಹುದು, ಜಗಳವಾಡಬಹುದು, ಕೂಗಾಡಬಹುದು, ಕೊನೆಗೆ ಸೋತು ಹೌದು ಎನ್ನಬಹುದು. ಈ ಹಾಳು ಮನುಷ್ಯ ತನಗೆ ಅಷ್ಟು ಸಹಾಯವನ್ನೂ ಮಾಡುತ್ತಿಲ್ಲವಲ್ಲ ಎಂದು ಅವನಿಗೆ ಒಳಗಿನಿಂದ ಸಿಟ್ಟು ಉಕ್ಕಿತು. ಸಿಟ್ಟು ಬಂದದ್ದಕ್ಕೆ ನಾಚಿಕೆಯಾಯಿತು. ಹಿಂದೆಯೇ, ನಾನು ನಾಚಿಕೆ ಸ್ವಭಾವದವನು, ಮೋಟರಿನ ಹಾಗೆ, ಎಂದು ನೆನಪಾಗಿ ನಗು ಬರುವಂತಾಗಿ, ನೀರು ಕುಡಿದ.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಮುಗಿಸುವ ಮೊದಲು ಒಂದು ಮಾತು, ಪದ್ಧತಿಯಂತೆ ಕೇಳಬೇಕು, ನಿರ್ದೇಶಕರಿಗೆ ಇನ್ನೇನಾದರೂ ಹೇಳುವುದಿದೆಯೇ, ಎಂದರು. ಅವನ ಮುಂದೆ ಮೇಜಿಗೆ ಅಂಟಿಸಿದ ಸಣ್ಣ ಮೈಕಿತ್ತು, ಮಾತಾಡುವವರು ಗುಂಡಿ ಒತ್ತಬೇಕು, ಒತ್ತಿದರೆ ಕೆಂಪು ದೀಪ ಹತ್ತುತ್ತದೆ. ಅವನು ಒತ್ತಿದ. ದೀಪ ಹತ್ತಿತು. ಮಾವ ಹಾಕಿದ ಗುಂಡುಪಿನ್ನೊಂದು ಉಳಿದುಕೊಂಡಿತ್ತೇನೋ, ಮುಂದಕ್ಕೆ ಬಗ್ಗಿದಾಗ ಸೊಂಟದ ಹಿಂದೆ ಚುಚ್ಚಿತು. ತನ್ನ ಉಸಿರು ಕೋಣೆಯ ನಾಲ್ಕೂ ಮೂಲೆಯಿಂದ ದೊಡ್ಡದಾಗಿ ಕೇಳಿಸುತ್ತಿತ್ತು. ದೊಡ್ಡಪ್ಪ ತಲೆಯೆತ್ತಿದ್ದ. ಆ ಮುಖದಲ್ಲಿ ಎಷ್ಟೋ ವರ್ಷಗಳ ಹಿಂದಿನ ಚಹಾದ ಅಂಗಡಿಯ ಬೆಂಚಿನಲ್ಲಿ ಕೂತವನ ಚಹರೆ ಒಂದು ಗಳಿಗೆ ಬಂದು ಹೋಯಿತು, ಹೇಳು ಮಾರಾಯ, ಏನು ನಿನ್ನ ಯೋಚನೆ ಎನ್ನುವವನ ಚಹರೆ.

“ಇಲ್ಲ,” ಎಂದ ಅವನು. “ಹೇಳಬೇಕಾದ್ದೆಲ್ಲ ಹೇಳಿದೀನಿ.”

ಗುಂಡಿ ಬಿಟ್ಟ. ದೀಪ ಆರಿತು. ಟಕ್ ಎಂದದ್ದು ಎಲ್ಲರಿಗೂ ಕೇಳಿಸಿತು, ಯಾರೂ ಏನದು ಎಂದು ಕೇಳಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಅವನು ಕಾರಿಗೆ ಕಾಯುತ್ತ ನಿಂತಾಗ ಬಿಸಿಲಿನ್ನೂ ಇತ್ತು. ಒಬ್ಬಿಬ್ಬರು ಬಂದು, ಪಾರಾದಿರಿ ಸಾರ್, ಎನ್ನುವ ಅರ್ಥ ಬರುವ ಹಾಗೆ ಏನೋ ಹೇಳಿ ಹೋದರು. ಒಬ್ಬ ಕೈ ಕುಲುಕಿದ. ದೊಡ್ಡಪ್ಪ ಊಟದ ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು ಅವನ ಪಕ್ಕದಿಂದಲೇ ಇಳಿದು ಹೋದ. ಇಬ್ಬರ ಅಂಗಿಯ ತೋಳು ತಾಗಿತು. ದೊಡ್ಡಪ್ಪನ ಗುರುತಿನ ಚೀಟಿಯನ್ನು ಆಗಲೇ ಇಸಿದುಕೊಂಡಿದ್ದರು, ಕುತ್ತಿಗೆಯಲ್ಲಿ ಬರೀ ದಾರ ಉಳಿದಿತ್ತು. ಕಟ್ಟಡದಿಂದ ಗೇಟಿನವರೆಗೆ ನೇರ ದಾರಿ. ಅದರ ನಡುವೆ, ಹೂಕುಂಡಗಳ ಹತ್ತಿರ, ದೊಡ್ಡಪ್ಪ ನಿಂತ. ತಿರುಗಿ ನೋಡಿದ. ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಕೈಯನ್ನು ಹಣೆಗೆ ಅಡ್ಡ ಹಿಡಿದುಕೊಂಡಿದ್ದ. ದಿನಾ ನೋಡುವುದಕ್ಕಿಂತ ಹೆಚ್ಚು ಹೊತ್ತು ನೋಡಿದ. ಅಧ್ಯಕ್ಷರು ಇನ್ನೂ ಒಳಗೇ ಇದ್ದರು, ಕಾಗದ ಜೋಡಿಸಿಕೊಳ್ಳುತ್ತಿದ್ದರು. ತಾಂತ್ರಿಕ ಸದಸ್ಯ ಕಾರಿಡಾರಿನಲ್ಲಿ ಯಾರ ಜೊತೆಯೋ ನಗುತ್ತಿದ್ದದ್ದು ಕೇಳುತ್ತಿತ್ತು. ಮಾತು ಎಟುಕುವಷ್ಟೇ ದೂರ, ಕೂಗಬೇಕಾಗಿಯೂ ಇರಲಿಲ್ಲ. ಅವನ ತುಟಿ ತೆರೆಯಿತು. ನಾಲಿಗೆ ಆ ಒಂದು ಮಾತಿನ ಮೊದಲ ಅಕ್ಷರಕ್ಕೆ ಹಲ್ಲಿನ ಹಿಂದೆ ಹೋಗಿ ನಿಂತದ್ದೂ ಅವನಿಗೆ ಗೊತ್ತಾಯಿತು. ಕಾರು ಬಂದು ಮುಂದೆ ನಿಂತಿತು. ದೊಡ್ಡಪ್ಪ ಕೈ ಇಳಿಸಿ, ಚೀಲ ಸರಿಮಾಡಿಕೊಂಡು, ಗೇಟಿನ ಕಡೆ ನಡೆದ.

ಮನೆಯಲ್ಲಿ ಹೆಂಡತಿ ಏನೂ ಕೇಳಲಿಲ್ಲ. ಪ್ಯಾಂಟು ಸರಿಯಾಗಿ ಕೂತಿತ್ತಾ ಎಂದು ಮಾವ ಮಾತ್ರ ಕೇಳಿದರು, ಕೂತಿತ್ತು ಎಂದ. ವರದಿ ಬಂತು, ದೊಡ್ಡಪ್ಪನ ಮೇಲೆ ಮೊಕದ್ದಮೆಯಾಯಿತು, ಕಡ್ಡಿಗೆ ಒಂದು ಕಣ್ಣು ಬರಲಿಲ್ಲ. ಕಂಬದ ಮೇಲಿನ ಧ್ವನಿವರ್ಧಕವನ್ನು ಬದಲಿಸಿ ಹೊಸದು ಹಾಕಿದರು, ಕೇಬಲ್ಲು ಹಳೆಯದಾಗಿತ್ತೆಂದು. ನಿಲ್ಲು ಎಂದು ಕಡ್ಡಿಗೆ ಅವನು ಹೇಳಲಿಲ್ಲ. ನಿಲ್ಲು ಎಂದು ದೊಡ್ಡಪ್ಪನಿಗೂ ಅವನು ಹೇಳಲಿಲ್ಲ.